ಯಾವ ಗರಡಿಯಲ್ಲಿ ಪಳಗೋಣ?

ಮೂವತ್ತಮೂರು ವರ್ಷ ಕನ್ನಡ ಪಾಠ ಹೇಳಿಕೊಂಡು ಬಂದವನೊಬ್ಬ ವ್ಯಾಯಾಮಶಾಲೆಯ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬರುವುದು ಸಹಜ. ನನ್ನ ಹಳೆಯ ವಿದ್ಯಾರ್ಥಿಗಳಾರಾದರೂ ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕುಳಿತಿದ್ದರೆ ಅವರಂತೂ ನಕ್ಕೇ ನಗುತ್ತಾರೆ. ಸೀಮೆಸುಣ್ಣಕ್ಕಿಂತ ಭಾರವಾದ ವಸ್ತುವನ್ನು ನಾನು ಎತ್ತಿದ್ದನ್ನು ಅವರು ಕಂಡವರಲ್ಲ. ಹಾಜರಿ ಪುಸ್ತಕವನ್ನು ಸಹ ಜವಾನನೇ ತಂದಿಡುತ್ತಿದ್ದ. ಹೀಗಿದ್ದವನು ಅರವತ್ತಾರನೆಯ ವಯಸ್ಸಿನಲ್ಲಿ ಊರಿನ ವ್ಯಾಯಾಮಶಾಲೆಗಳ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಇಳಿಯಬೇಕಾಗಿ ಬಂದದ್ದು ಹೇಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ವರ್ಷದ ಆಷಾಢ. ಮಧ್ಯಾಹ್ನದ ಹೊತ್ತು, ಹೊರಗೆ ಜಿಟಿಜಿಟಿ ಮಳೆ. ಪುಸ್ತಕದ ಬೀರುವಿನ ಕೆಳಗಿನ ಅಂಕಣದಿಂದ ರನ್ನನ ಗದಾಯುದ್ಧವನ್ನು ತೆಗೆಯಲೆಂದು ನೆಲದ ಮೇಲೆ ಕುಳಿತೆ. ತೆಗೆದವನು ಅಲ್ಲಿಯೇ ಓದತೊಡಗಿದೆ. ಅರ್ಧ ಗಂಟೆ ಕಳೆದಿರಬಹುದು, ದೀಪ ಹೋಯಿತು. ಏಳೋಣವೆಂದು ನೋಡುತ್ತೇನೆ, ತೊಡೆಗಳು ನನ್ನ ಮಾತು ಕೇಳಲಿಲ್ಲ. ಕೈಯೂರಿದೆ, ಮಂಡಿಯೂರಿದೆ, ಆಗಲಿಲ್ಲ. ಮನೆಯಾಕೆ ಹೊರಗೆ ಹೋಗಿದ್ದಳು. ಕೊನೆಗೆ ಅಂಬೆಗಾಲಿನಲ್ಲಿ ಮಂಚದವರೆಗೆ ಹೋಗಿ ಅದರ ಕಾಲು ಹಿಡಿದು ಎದ್ದೆ. ರನ್ನನ ಕಾವ್ಯದಲ್ಲಿ ದುರ್ಯೋಧನನ ಊರುಭಂಗವಾಗುವುದು ನಿಮಗೆಲ್ಲ ತಿಳಿದದ್ದೇ. ಭೀಮನ ಗದೆಯ ಸಹಾಯವಿಲ್ಲದೆಯೇ ನನ್ನ ಊರುಗಳು ಭಂಗವಾಗಿ ಕುಳಿತಿವೆ ಎಂಬುದು ಆ ದಿನ ನನಗೆ ಗೊತ್ತಾಯಿತು.

ಇದನ್ನು ತಮಾಷೆಯಾಗಿ ಹೇಳುತ್ತಿದ್ದೇನೆ. ಆ ದಿನ ತಮಾಷೆಯೆನಿಸಲಿಲ್ಲ. ಅದಕ್ಕೆ ನಾಲ್ಕು ವರ್ಷ ಹಿಂದೆ ನಮ್ಮ ಅಕ್ಕ ಬಚ್ಚಲಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಎದ್ದು ನಿಲ್ಲುವ ಶಕ್ತಿ ಕಾಲುಗಳಲ್ಲಿ ಉಳಿದಿರಲಿಲ್ಲ. ಹಾಸಿಗೆ ಹಿಡಿದವಳು ಏಳು ತಿಂಗಳಿಗೆ ತೀರಿಕೊಂಡಳು. ಒಂದು ಸಂಜೆ ಅವಳನ್ನು ಮಂಚದಿಂದ ಕುರ್ಚಿಗೆ ಕೂರಿಸಬೇಕಾಗಿ ಬಂದಾಗ ನನ್ನಿಂದ ಎತ್ತಲಾಗದೆ ಪಕ್ಕದ ಮನೆಯ ಹುಡುಗನನ್ನು ಕೂಗಿದೆ. ನಲವತ್ತೆರಡು ಕಿಲೋ ತೂಕದ ಅಕ್ಕ. ಚಿಕ್ಕಂದಿನಲ್ಲಿ ನನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು. ಆ ಸಂಜೆಯನ್ನು ನಾನು ಮರೆತಿಲ್ಲ.

ವೈದ್ಯರ ಬಳಿಗೆ ಹೋದೆ. ಅವರು ಪಿಯುಸಿಯಲ್ಲಿ ನನ್ನಲ್ಲಿ ಕನ್ನಡ ಓದಿದವರು. ಪರೀಕ್ಷೆಗಳನ್ನೆಲ್ಲ ಮಾಡಿಸಿ, ಕಾಗದಗಳನ್ನು ತಿರುವಿಹಾಕಿ, “ಸಾರ್, ನಿಮ್ಮ ಕಾಲಿಗೆ ರೋಗವಿಲ್ಲ, ಕೆಲಸವಿಲ್ಲ” ಎಂದರು. ದಿನವೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತೇನಲ್ಲ ಎಂದು ನಾನು ವಾದಿಸಿದೆ. ನಡಿಗೆ ಹೃದಯಕ್ಕೂ ಉಸಿರಿಗೂ ಒಳ್ಳೆಯದು, ಅದನ್ನು ಬಿಡಬೇಡಿ. ಆದರೆ ಸ್ನಾಯುವಿಗೆ ಭಾರ ಬೇಕು ಎಂದು ಅವರ ಉತ್ತರ. ಮೂವತ್ತು ದಾಟಿದ ಮೇಲೆ ಹತ್ತು ಹತ್ತು ವರ್ಷಕ್ಕೆ ದೇಹದ ಸ್ನಾಯು ನೂರಕ್ಕೆ ಮೂರರಿಂದ ಎಂಟರಷ್ಟು ಕರಗುತ್ತ ಹೋಗುತ್ತದೆಯಂತೆ. ಅರವತ್ತರ ಬಳಿಕ ಕರಗುವ ವೇಗ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮದ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವಿರಬೇಕೆಂದಿದೆ. ಅರವತ್ತೈದು ದಾಟಿದವರು ಬಲಕ್ಕೂ ದೇಹದ ಸಮತೋಲಕ್ಕೂ ಒತ್ತು ಕೊಡುವ ವ್ಯಾಯಾಮವನ್ನು ವಾರಕ್ಕೆ ಮೂರು ದಿನ ಮಾಡಬೇಕಂತೆ.

ಈ ವಯಸ್ಸಿನಲ್ಲಿ ಭಾರ ಎತ್ತಿದರೆ ಏನು ಬಂದೀತು ಎಂದು ನಾನು ಕೇಳಿದೆ. ಅದಕ್ಕೆ ಅವರು ಒಂದು ಪ್ರಯೋಗದ ಕಥೆ ಹೇಳಿದರು. ಅಮೆರಿಕದ ಬಾಸ್ಟನ್ ನಗರದ ವೃದ್ಧರ ಆರೈಕೆಯ ನಿಲಯವೊಂದರಲ್ಲಿ ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಮಂದಿಯನ್ನು ಆರಿಸಿ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರಂತೆ. ಒಂಬತ್ತು ಜನ ಕೊನೆಯವರೆಗೆ ಉಳಿದರು. ಅವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು; ಇಬ್ಬರು ಊರುಗೋಲನ್ನು ಬಿಟ್ಟು ನಡೆದರು. 1990ರಲ್ಲಿಯೇ ಇದು ಅಲ್ಲಿನ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಆಗ ನನಗೆ ಮೂವತ್ತು ತುಂಬಿತ್ತೇ ಹೊರತು ಈ ವಿಷಯ ಕಿವಿಗೆ ಬಿದ್ದಿರಲಿಲ್ಲ; ಬಿದ್ದಿದ್ದರೂ ನನಗಲ್ಲವೆಂದು ಸುಮ್ಮನಿರುತ್ತಿದ್ದೆ.

ಹೋಗಬೇಕೆಂಬುದು ನಿಶ್ಚಯವಾಯಿತು. ಎಲ್ಲಿಗೆ ಎಂಬುದೇ ಪ್ರಶ್ನೆ. ನಮ್ಮ ಮನೆಯಿಂದ ಅರ್ಧ ಮೈಲಿಯೊಳಗೆ ಈಗ ಮೂರು ವ್ಯಾಯಾಮಶಾಲೆಗಳಿವೆ. ನಾನು ಹುಡುಗನಾಗಿದ್ದಾಗ ಇದ್ದದ್ದು ಒಂದೇ, ಅದು ಗರಡಿಮನೆ.

ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಬೆಳೆದವರಿಗೆ ಗರಡಿಮನೆಯನ್ನು ವರ್ಣಿಸಬೇಕಾಗಿಲ್ಲ. ತಲೆ ತಗ್ಗಿಸಿ ಒಳಗೆ ಹೋಗುವಂಥ ಬಾಗಿಲು, ಗೋಡೆಯಲ್ಲಿ ಆಂಜನೇಯ, ನಡುವೆ ಎಣ್ಣೆ, ತುಪ್ಪ, ಅರಿಸಿನ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಅಖಾಡ. ಒಂದು ಮೂಲೆಯಲ್ಲಿ ಕಲ್ಲಿನ ಗುಂಡುಗಳು, ಇನ್ನೊಂದು ಮೂಲೆಯಲ್ಲಿ ಗದೆ. ಆ ಮಣ್ಣಿನ ವಾಸನೆ ಬೀದಿಗೆ ಬರುತ್ತಿತ್ತು. ದಸರೆ ಹತ್ತಿರವಾದಂತೆ ಬೆಳಗಿನ ಜಾವ ದಂಡೆ ಬಸ್ಕಿಗಳ ಎಣಿಕೆ ಕೇಳಿಸುತ್ತಿತ್ತು. ಆಮೇಲೆ ದೊಡ್ಡಕೆರೆ ಮೈದಾನದಲ್ಲಿ ಕುಸ್ತಿ, ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ. ಕರಾವಳಿಯ ಕಡೆಯವರಿಗೆ ಗರಡಿ ಎಂದರೆ ಕೋಟಿ ಚೆನ್ನಯರ ಆರಾಧನೆಯ ಸ್ಥಾನ. ಉತ್ತರದವರು ನಮ್ಮ ಗರಡಿಯನ್ನು ತಾಲೀಮು ಎನ್ನುತ್ತಾರೆ. ಹೆಸರೇನೇ ಇರಲಿ, ಈ ಮಾತು ನಮ್ಮ ಭಾಷೆಯಲ್ಲಿ ಎಷ್ಟು ಬೇರು ಬಿಟ್ಟಿದೆಯೆಂದರೆ ಯಾವ ವಿದ್ಯೆಯಲ್ಲಾಗಲಿ ನುರಿತವನನ್ನು ಇಂಥವರ ಗರಡಿಯಲ್ಲಿ ಪಳಗಿದವನು ಎಂದೇ ಹೇಳುತ್ತೇವೆ. ನಾನು ಸಹ ಒಬ್ಬ ದೊಡ್ಡ ವಿದ್ವಾಂಸರ ಗರಡಿಯಲ್ಲಿ ಪಳಗಿದವನೇ. ಮೈಯೊಂದು ಮಾತ್ರ ಪಳಗಲಿಲ್ಲ.

ನಮ್ಮ ಬೀದಿಯ ಗರಡಿಯಲ್ಲಿದ್ದ ಉಸ್ತಾದರು ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದ ಕ್ರಮ ನನಗೆ ಈಗ ನೆನಪಾಗುತ್ತದೆ. ಬಂದ ಹುಡುಗನನ್ನು ಮೊದಲು ನಡೆಸಿ ನೋಡುವರು. ಕೂರಿಸಿ ಏಳಿಸುವರು. ಮನೆಯಲ್ಲಿ ಏನು ಊಟ, ಕೆಮ್ಮು ಇದೆಯೆ, ಓದುತ್ತೀಯೋ ಅಂಗಡಿಯಲ್ಲಿ ಕೆಲಸ ಮಾಡುತ್ತೀಯೋ, ಎಲ್ಲ ಕೇಳುವರು. ಅನಂತರ ಕೆಲವು ದಿನ ಸನಿಕೆ ಕೊಟ್ಟು ಮಣ್ಣು ಅಗೆಸುವುದಷ್ಟೇ. ಅದೇ ವ್ಯಾಯಾಮ, ಅದೇ ಪರೀಕ್ಷೆ. ನನ್ನನ್ನು ನೋಡಿ, “ನೀನು ಬಸ್ಕಿ ಹೊಡಿ, ಕುಸ್ತಿ ನಿನಗೆ ಬೇಡ ಮರಿ” ಎಂದರು. ನನಗೆ ಅವಮಾನವಾಗಿ ಮರುದಿನದಿಂದ ಹೋಗಲಿಲ್ಲ. ಅವರ ಮಾತು ಕೇಳಿ ಬಸ್ಕಿಯನ್ನಾದರೂ ಹೊಡೆದಿದ್ದರೆ ಮಂಚದ ಕಾಲು ಹಿಡಿಯುವ ಪ್ರಸಂಗ ಬರುತ್ತಿರಲಿಲ್ಲವೇನೋ.

ಆಳನ್ನು ನೋಡಿ ಸಾಮು ಹೇಳುವ ಈ ವಿವೇಕ ನಮ್ಮಲ್ಲಿ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ವರ್ಗಮಾಡಿದ್ದಾನೆ. ಅವರ ಸಾಧನೆಯನ್ನೂ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಬೇರೆ ಬೇರೆಯಾಗಿ ಹೇಳಿದ್ದಾನೆ: ಭಾರ ಹೊರುವುದು, ನಡೆದಾಡುವುದು, ನೀರಿನಲ್ಲಿ ಈಜುವುದು, ಕಂಬದ ಮೇಲಿನ ಕಸರತ್ತು. ನನ್ನ ವೈದ್ಯ ಶಿಷ್ಯರು ಹೇಳಿದ ಮಾತು, ಎಂದರೆ ಭ್ರಮಣದ ಫಲ ಬೇರೆ, ಭಾರದ ಫಲ ಬೇರೆ ಎಂಬುದು, ಎಂಟುನೂರು ತೊಂಬತ್ತು ವರ್ಷಗಳ ಹಿಂದೆ ಕನ್ನಡ ನಾಡಿನ ದೊರೆಯೊಬ್ಬನಿಗೆ ಗೊತ್ತಿತ್ತು. ನಾನು ಎಂ.ಎ. ತರಗತಿಯಲ್ಲಿ ಮಾನಸೋಲ್ಲಾಸದ ಹೆಸರನ್ನು ಎಷ್ಟು ಸಲ ಹೇಳಿದ್ದೇನೋ!

ಸಾಹಿತ್ಯದ ಓದುಗರು ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಓದಿದ ಅನೇಕರಿಗೆ ಅವುಗಳ ಕರ್ತೃ ಕೆ.ವಿ. ಅಯ್ಯರ್ ಅವರು ನಾಡಿನ ಹೆಸರಾಂತ ಅಂಗಸಾಧಕರಾಗಿದ್ದರೆಂಬುದು ಮರೆತೇಹೋಗಿದೆ. ಬೆಂಗಳೂರಿನಲ್ಲಿ ಅವರು ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ದೂರದವರಿಗೆ ಅಂಚೆಯ ಮೂಲಕ ಪಾಠ ಕಳಿಸುತ್ತಿದ್ದರು. ಕೈಲಾಸಂ ಅವರ ಆಪ್ತ ಸ್ನೇಹಿತರು. ಪಾಶ್ಚಾತ್ಯರ ಕಬ್ಬಿಣದ ಭಾರವನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಒಂದೇ ಸೂರಿನಡಿ ತಂದದ್ದು ಅವರ ಹೆಚ್ಚುಗಾರಿಕೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿದ್ದ ಮೂವತ್ತರ ದಶಕದಲ್ಲಿ ಅದೇ ಆವರಣದಲ್ಲಿ ಅಯ್ಯರ್ ಅವರ ಶಿಷ್ಯರೊಬ್ಬರು ಅಂಗಸಾಧನೆ ಕಲಿಸುತ್ತಿದ್ದರು. ಗ್ರೀಕರ ಜಿಮ್ನೇಷಿಯಂ ಸಹ ಬರೀ ಕಸರತ್ತಿನ ಮನೆಯಾಗಿರಲಿಲ್ಲವಲ್ಲ. ಪ್ಲೇಟೋವಿನ ಅಕಾಡೆಮಿ, ಅರಿಸ್ಟಾಟಲನ ಲೈಸಿಯಂ ಇದ್ದದ್ದು ಅಂಥ ಮೈದಾನಗಳ ಬಳಿಯಲ್ಲಿಯೇ. ಮೈಯನ್ನೂ ಮಾತನ್ನೂ ಬೇರೆ ಮಾಡಿದ್ದು ನಮ್ಮಂಥ ಮೇಷ್ಟರುಗಳ ತಪ್ಪು.

ಹಳೆಯದನ್ನು ಹೊಗಳುತ್ತ ಕೂರುವುದು ನನ್ನ ಉದ್ದೇಶವಲ್ಲ. ಆ ಗರಡಿಯೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ನಮ್ಮ ಅಕ್ಕನ ಕಾಲಿಗೆ ಅಲ್ಲಿ ಔಷಧಿಯಿರಲಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗರಡಿಯಲ್ಲಿ ಉಸ್ತಾದ ಶಿಷ್ಯನನ್ನು ಆರಿಸುತ್ತಿದ್ದ. ಇಂದು ಹಣ ಕೊಡುವ ನಾವು ಶಾಲೆಯನ್ನು ಆರಿಸುತ್ತೇವೆ. ಆದ್ದರಿಂದ ಉಸ್ತಾದನ ಕಣ್ಣು ಈಗ ನಮಗೆ ಬೇಕಾಗಿದೆ.

ಮೊದಲನೆಯ ಶಾಲೆಗೆ ಹೋದೆ. ತಂಪು ಯಂತ್ರ, ನಾಲ್ಕು ಗೋಡೆಗೂ ಕನ್ನಡಿ, ಕಿವಿ ಗಡಚಿಕ್ಕುವ ಸಂಗೀತ. ಓಡುವ ಪಟ್ಟಿಯ ಯಂತ್ರಗಳೇ ಹತ್ತಕ್ಕೂ ಹೆಚ್ಚು. ಮೇಜಿನ ಹಿಂದಿದ್ದ ಯುವಕ ಬಹಳ ವಿನಯವಂತ. ತಿಂಗಳಿಗೆ ಇಷ್ಟು, ಮೂರು ತಿಂಗಳಿಗೆ ಇಷ್ಟು, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಅರ್ಧಕ್ಕರ್ಧ ಉಳಿತಾಯ, ಅದೂ ಇವತ್ತೇ ಕಟ್ಟಿದರೆ ಎಂದ. ಇಪ್ಪತ್ತು ನಿಮಿಷ ಮಾತನಾಡಿದೆವು. ನನ್ನ ವಯಸ್ಸನ್ನು ಆತ ಕೇಳಲಿಲ್ಲ. ನಾನೇ, “ನನ್ನ ವಿಷಯ ಏನಾದರೂ ತಿಳಿದುಕೊಳ್ಳಬೇಕೆ?” ಎಂದೆ. “ಮೊಬೈಲ್ ನಂಬರ್ ಕೊಡಿ ಸಾರ್” ಎಂದ. ವರ್ಷದ ಹಣವನ್ನು ಮುಂಗಡ ಪಡೆಯುವ ವ್ಯಾಪಾರದ ಲೆಕ್ಕಾಚಾರ ನಿಮಗೂ ಹೊಳೆದೀತು: ಕಟ್ಟಿದವರೆಲ್ಲ ದಿನವೂ ಬಂದರೆ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಯುಗಾದಿಗೆ ಸೇರಿ ಆಷಾಢಕ್ಕೆ ಬಿಡುವವರೇ ಅವರ ಅನ್ನದಾತರು. ಒಂದು ತಿಂಗಳಿಗೆ ಮಾತ್ರ ಕಟ್ಟುತ್ತೇನೆ, ಅದಕ್ಕೆ ಮೊದಲು ಎರಡು ದಿನ ಬಂದು ನೋಡುತ್ತೇನೆ ಎಂದರೆ ಒಪ್ಪದ ಕಡೆ ಹಣ ಬಿಚ್ಚಬೇಡಿ.

ಎರಡನೆಯದು ಇದಕ್ಕೆ ತದ್ವಿರುದ್ಧ. ಇಕ್ಕಟ್ಟಾದ ಜಾಗ, ಕಬ್ಬಿಣದ ಸಪ್ಪಳ, ಮೊಳಕೈಯಿಂದ ಭುಜದವರೆಗೆ ಹಚ್ಚೆ ಹಾಕಿಸಿಕೊಂಡ ತರುಣರು. ನನಗೆ ಅದೇನೂ ಬೇಸರವೆನಿಸಲಿಲ್ಲ. ಗರಡಿಯ ಗಾಳಿ ಸ್ವಲ್ಪ ಬೀಸಿದಂತಾಯಿತು. ಆದರೆ ಅಲ್ಲಿ ಹದಿನೆಂಟರ ಹುಡುಗನೊಬ್ಬ ಬೆನ್ನನ್ನು ಬಿಲ್ಲಿನಂತೆ ಬಾಗಿಸಿಕೊಂಡು ನೆಲದಿಂದ ಭಾರ ಎತ್ತುತ್ತಿದ್ದ. ನೋಡುತ್ತಿದ್ದ ಗೆಳೆಯರು ಇನ್ನೂ ಹಾಕು, ಇನ್ನೂ ಹಾಕು ಎಂದು ಹುರಿದುಂಬಿಸುತ್ತಿದ್ದರು. ಕಲಿಸುವಾತ ಮೊಬೈಲ್ ನೋಡುತ್ತಿದ್ದ. ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಇಂಥದೇ ಒಂದು ಕಡೆ ಸೇರಿ ಎರಡನೆಯ ವಾರದಲ್ಲಿಯೇ ಬೆನ್ನುಮೂಳೆಯ ಬಿಲ್ಲೆ ಜರುಗಿಸಿಕೊಂಡು ಆರು ವಾರ ಮಲಗಿದ್ದ. “ಎಷ್ಟು ಎತ್ತಬೇಕು ಅಂತ ಹೇಳಿದರು ದೊಡ್ಡಪ್ಪ, ಹೇಗೆ ಎತ್ತಬೇಕು ಅಂತ ಯಾರೂ ಹೇಳಲಿಲ್ಲ” ಎಂದು ಅವನು ಆಗ ಹೇಳಿದ ಮಾತು ನೆನಪಿಗೆ ಬಂತು. ಅಲ್ಲಿಯ ಗಾಜಿನ ಕಪಾಟಿನ ತುಂಬ ಪುಡಿಯ ಡಬ್ಬಗಳಿದ್ದವು. ಪ್ರೋಟೀನಿನ ಪುಡಿ ವಿಷವೇನೂ ಅಲ್ಲ. ಮೊಟ್ಟೆ, ಬೇಳೆ, ಹಾಲು, ಮೊಸರಿನಿಂದ ಸಿಗುವುದೇ ಅದರಲ್ಲಿಯೂ ಇರುವುದು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು, ಅಷ್ಟೆ. ಆದರೆ ಕಲಿಸುವವನೇ ಅಂಗಡಿಯವನೂ ಆದಾಗ ಅವನ ಉಪದೇಶದಲ್ಲಿ ಯಾವುದು ಪಾಠ, ಯಾವುದು ವ್ಯಾಪಾರ ಎಂದು ತಿಳಿಯುವುದು ಕಷ್ಟ. ಇನ್ನು ಬೇಗ ಮೈ ಬರುತ್ತದೆಂದು ಸೂಜಿಮದ್ದಿನ ಮಾತೆತ್ತುವ ಜಾಗವಾದರೆ ಹುಡುಗರನ್ನು ಅಲ್ಲಿಂದ ಆ ಕ್ಷಣವೇ ಬಿಡಿಸಿಕೊಂಡು ಬರಬೇಕು. ಹೃದಯ, ಯಕೃತ್ತು, ಸಂತಾನಶಕ್ತಿ ಮೂರಕ್ಕೂ ಅದು ಕುತ್ತು.

ಮೂರನೆಯದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿತ್ತು. ದೊಡ್ಡದಲ್ಲ. ಗಿರಣಿ ನಡೆಯುವಾಗ ನೆಲ ಸ್ವಲ್ಪ ಅದುರುತ್ತದೆ. ನಡೆಸುವವರು ನಲವತ್ತೈದರ ಆಸುಪಾಸಿನವರು, ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದವರು. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಪುಸ್ತಕ ತೆರೆದರು. ವಯಸ್ಸು, ಸಕ್ಕರೆ, ರಕ್ತದೊತ್ತಡ, ಹಿಂದೆ ಆದ ಶಸ್ತ್ರಚಿಕಿತ್ಸೆ, ಈಗ ನುಂಗುವ ಮಾತ್ರೆ, ನಿದ್ರೆ, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆಯೆ, ಎಲ್ಲವನ್ನೂ ಬರೆದುಕೊಂಡರು. ಕೊನೆಗೆ, “ಏತಕ್ಕೆ ಬಂದಿದ್ದೀರಿ ಮೇಷ್ಟ್ರೇ?” ಎಂದರು.

“ನೆಲದ ಮೇಲೆ ಕುಳಿತರೆ ಏಳಬೇಕು” ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಎಲ್ಲರೂ ಫಿಟ್ ಆಗಬೇಕು ಅನ್ನುತ್ತಾರೆ. ಅದಕ್ಕೆ ನಾನು ಏನು ಹೇಳಿಕೊಡಲಿ? ಇದಕ್ಕಾದರೆ ಹೇಳಿಕೊಡಬಹುದು” ಎಂದರು.

ಆಮೇಲೆ ಒಂದು ಪರೀಕ್ಷೆ. ಕೈಯಿಲ್ಲದ ಕುರ್ಚಿಯೊಂದನ್ನು ಗೋಡೆಗೆ ಆನಿಸಿ, ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರೋ ನೋಡೋಣ ಎಂದರು. ಅರವತ್ತೈದರಿಂದ ಅರವತ್ತೊಂಬತ್ತರ ಗಂಡಸರಿಗೆ ಹನ್ನೆರಡು, ಹೆಂಗಸರಿಗೆ ಹನ್ನೊಂದು. ಅದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ನನಗೆ ಬಂದದ್ದು ಎಂಟು. ಮೂವತ್ತೈದಕ್ಕೆ ಪಾಸು ಮಾಡುತ್ತಿದ್ದ ನನಗೆ ನಾಪಾಸಾಗುವುದೆಂದರೆ ಏನೆಂದು ಆಗ ಅನುಭವಕ್ಕೆ ಬಂತು. ಕೇಳುತ್ತಿರುವ ಹಿರಿಯರು ಮನೆಯಲ್ಲಿಯೇ ಇದನ್ನು ಮಾಡಿ ನೋಡಬಹುದು, ಆದರೆ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳಿ.

ನಾನು ಅಲ್ಲಿಯೇ ಸೇರಿದೆನೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ನನಗೆ ಸರಿಹೋದದ್ದು ನಿಮಗೂ ಸರಿಹೋಗಬೇಕೆಂದಿಲ್ಲ. ನಮ್ಮ ಬೀದಿಯ ಹುಡುಗನೊಬ್ಬ ಪೋಲೀಸ್ ಕೆಲಸಕ್ಕೆ ಅರ್ಜಿ ಹಾಕಿ ದುಬಾರಿ ಶಾಲೆಯೊಂದಕ್ಕೆ ಸೇರುವುದಾಗಿ ಹೇಳಲು ಬಂದ. ಪರೀಕ್ಷೆಯಲ್ಲಿ ಏನೇನು ಮಾಡಿಸುತ್ತಾರಪ್ಪ ಎಂದು ಕೇಳಿದೆ. ಓಟ, ಜಿಗಿತ, ಗುಂಡು ಎಸೆತ ಎಂದ. ಅವನಿಗೆ ಬೇಕಾದದ್ದು ಮೈದಾನ, ಒಂದು ಗುಂಡು, ಸಮಯ ನೋಡುವ ಒಬ್ಬ ಸ್ನೇಹಿತ, ಕನ್ನಡಿಯ ಕೋಣೆಯಲ್ಲ. ಮಂಡಿಯ ಶಸ್ತ್ರಚಿಕಿತ್ಸೆಯಾದವರು ಮೊದಲು ಭೌತಚಿಕಿತ್ಸಕರ ಕೈಯಲ್ಲಿ ಪಳಗಿ ಆಮೇಲೆ ಇಲ್ಲಿಗೆ ಬರಬೇಕು. ಕುಸ್ತಿಯನ್ನೇ ಕಲಿಯಬೇಕೆನ್ನುವವನಿಗೆ ಇಂದಿಗೂ ಮಣ್ಣಿನ ಗರಡಿ ಇದೆ. ಉದ್ಯಾನಗಳಲ್ಲಿ ನಗರಪಾಲಿಕೆಯವರು ನಿಲ್ಲಿಸಿರುವ ಬಣ್ಣಬಣ್ಣದ ಸಲಕರಣೆಗಳಿವೆಯಲ್ಲ ಎಂದು ಕೆಲವರು ಕೇಳುತ್ತಾರೆ. ಸುಮ್ಮನೆ ಕೂರುವುದಕ್ಕಿಂತ ಅವು ಎಷ್ಟೋ ಮೇಲು, ಕಾಸೂ ಬೇಡ. ಆದರೆ ಅವುಗಳಲ್ಲಿ ಬಹುಪಾಲಿನಲ್ಲಿ ಭಾರವನ್ನು ಏರಿಸುವ ಅನುಕೂಲವಿಲ್ಲ. ಮೈಲೋ ಎಂಬ ಗ್ರೀಕ್ ಮಲ್ಲ ಎಳೆಗರುವನ್ನು ದಿನವೂ ಹೊತ್ತು ನಡೆದು, ಅದು ಎತ್ತಾಗುವ ಹೊತ್ತಿಗೆ ಎತ್ತನ್ನೇ ಹೊರುವವನಾದನೆಂದು ಕಥೆ. ಕರು ಬೆಳೆಯದಿದ್ದರೆ ಮೈಲೋ ಬೆಳೆಯುತ್ತಿರಲಿಲ್ಲ. ಉದ್ಯಾನದ ಕರು ಬೆಳೆಯುವುದಿಲ್ಲ.

ನೋಡಲು ಹೋಗುವುದಾದರೆ ನೀವು ದಿನವೂ ಹೋಗಲಿರುವ ಹೊತ್ತಿನಲ್ಲಿಯೇ ಹೋಗಿ. ಹನ್ನೊಂದು ಗಂಟೆಗೆ ಖಾಲಿಯಿರುವ ಶಾಲೆ ಸಂಜೆ ಏಳಕ್ಕೆ ಸಂತೆಯಾಗಿರುತ್ತದೆ. ನಮ್ಮ ಸೊಸೆ ಹೀಗೆಯೇ ಮೋಸಹೋದಳು. ಹೆಂಗಸರಿಗೆ ಬೇರೆ ವೇಳೆಯಿದೆಯೆಂದು ಹೇಳಿ ಸೇರಿಸಿಕೊಂಡರು. ಆ ವೇಳೆ ಅವಳು ಕಛೇರಿಯಲ್ಲಿರುವ ವೇಳೆ. ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಸರಿಯಿದೆಯೆ, ಶೌಚಾಲಯದಲ್ಲಿ ನೀರಿದೆಯೆ, ಕಿಟಕಿ ತೆರೆಯುತ್ತದೆಯೆ, ಇವುಗಳನ್ನು ಕೇಳಲು ಸಂಕೋಚ ಬೇಡ. ದೂರದ ಶಾಲೆ ಎಷ್ಟೇ ಚೆನ್ನಾಗಿರಲಿ, ಮಳೆಗಾಲದಲ್ಲಿ ಅದು ಇನ್ನೂ ದೂರವಾಗುತ್ತದೆ. ನನ್ನದು ನಡೆದರೆ ಏಳು ನಿಮಿಷ. ಹೋಗದಿರಲು ನೆಪವೇ ಸಿಗುವುದಿಲ್ಲ.

ಇನ್ನೊಂದು ವಿಷಯವನ್ನು ಹೇಳಲೇಬೇಕು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ನಲವತ್ತಾರನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಇಡೀ ನಾಡು ತತ್ತರಿಸಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಎದೆ ಪರೀಕ್ಷೆಗೆ ಜನ ಸಾಲುಗಟ್ಟಿ ನಿಂತರು. ವ್ಯಾಯಾಮವೇ ಕೊಂದಿತು ಎಂದು ಎಷ್ಟೋ ಮನೆಗಳಲ್ಲಿ ತೀರ್ಮಾನವಾಗಿ ಹುಡುಗರನ್ನು ಬಿಡಿಸಿದರು. ಆ ದುಃಖದಲ್ಲಿ ಅದು ಸಹಜ. ಆದರೆ ಮಾಡುವವರಿಗಿಂತ ಮಾಡದವರಿಗೇ ಹೃದಯದ ಕಾಯಿಲೆ ಹೆಚ್ಚು ಎಂಬುದರಲ್ಲಿ ವೈದ್ಯರಿಗೆ ಸಂಶಯವಿಲ್ಲ. ನಾವು ಕಲಿಯಬೇಕಾದದ್ದು ಇಷ್ಟು: ನಲವತ್ತು ದಾಟಿದವರು, ಸಕ್ಕರೆ ಅಥವಾ ರಕ್ತದೊತ್ತಡ ಇರುವವರು, ಮನೆತನದಲ್ಲಿ ಹೃದ್ರೋಗವಿರುವವರು ಮೊದಲು ವೈದ್ಯರಿಗೆ ತೋರಿಸಿ ಸೇರಬೇಕು. ಎದೆ ಬಿಗಿದರೆ, ತಲೆ ತಿರುಗಿದರೆ, ಅಕಾರಣವಾಗಿ ಬೆವರಿದರೆ ಆ ಕೂಡಲೇ ನಿಲ್ಲಿಸಬೇಕು, ಹಾಗೆಯೇ ಮನೆಗೆ ಹೋಗಿ ಮಲಗಬಾರದು, ಆಸ್ಪತ್ರೆಗೆ ಹೋಗಬೇಕು. ಶಾಲೆಯವರನ್ನು ಒಂದು ಪ್ರಶ್ನೆ ಕೇಳಿ: ಇಲ್ಲಿ ಒಬ್ಬರು ಕುಸಿದುಬಿದ್ದರೆ ಏನು ಮಾಡುತ್ತೀರಿ? ನಾನು ಕೇಳಿದೆ. ಮೊದಲನೆಯವರು ಹಾಗೆಲ್ಲ ಆಗುವುದಿಲ್ಲ ಸಾರ್ ಎಂದರು. ಎರಡನೆಯವರು ನಕ್ಕರು. ಗಿರಣಿಯ ಮೇಲಿನವರು ಎದೆಯ ಮೇಲೆ ಕೈಯಿಟ್ಟು ಒತ್ತುವ ಕ್ರಮವನ್ನು ತಾವು ಕಲಿತಿರುವುದಾಗಿ ಹೇಳಿ, ಗೋಡೆಯ ಮೇಲೆ ಬರೆದಿದ್ದ 108ನ್ನೂ ಹತ್ತಿರದ ಆಸ್ಪತ್ರೆಯ ಸಂಖ್ಯೆಯನ್ನೂ ತೋರಿಸಿದರು.

ಸೇರಿ ಎಂಟು ತಿಂಗಳಾಯಿತು. ವಾರಕ್ಕೆ ಮೂರು ದಿನ ಹೋಗುತ್ತೇನೆ. ಮೊದಲ ಹದಿನೈದು ದಿನ ಬರಿಗೈಯಲ್ಲಿ ಕುರ್ಚಿಯಿಂದ ಏಳುವುದು, ಗೋಡೆಗೆ ಕೈಕೊಟ್ಟು ದಂಡೆ, ಒಂಟಿಕಾಲಿನಲ್ಲಿ ನಿಲ್ಲುವುದು ಇಷ್ಟೇ. ನನಗೆ ನಮ್ಮ ಉಸ್ತಾದರ ಸನಿಕೆ ನೆನಪಾಗುತ್ತಿತ್ತು. ಆಮೇಲೆ ಎರಡು ಕೈಯಲ್ಲಿ ಒಂದೊಂದು ಕಿಲೋ ಬಂತು, ಎರಡೆರಡು ಬಂತು, ಐದೈದು ಬಂತು. ಪಕ್ಕದಲ್ಲಿ ಐವತ್ತು ಅರವತ್ತು ಕಿಲೋ ಎತ್ತುವ ಹುಡುಗರು ಮೊದಮೊದಲು ನನ್ನ ಕಡೆ ನೋಡದಂತೆ ನೋಡುತ್ತಿದ್ದರು. ಈಗ ಅವರೇ ತಟ್ಟೆಗಳನ್ನು ಎತ್ತಿಕೊಡುತ್ತಾರೆ. ಒಬ್ಬಾತ ವಿಶ್ರಾಂತಿಯ ಹೊತ್ತಿನಲ್ಲಿ ಹಳಗನ್ನಡದ ಪದಗಳಿಗೆ ಅರ್ಥ ಕೇಳುತ್ತಾನೆ. ಅವನು ಯಾವುದೋ ಸ್ಪರ್ಧಾ ಪರೀಕ್ಷೆಗೆ ಓದುತ್ತಿದ್ದಾನೆ. ಮನೆಯಾಕೆಯೂ ಎರಡು ತಿಂಗಳಿಂದ ಬರುತ್ತಿದ್ದಾಳೆ. ಅವಳಿಗೆ ಮೊದಲ ದಿನವೇ ಹನ್ನೆರಡು ಬಂತು. ಅದನ್ನು ಈ ರೇಡಿಯೋದಲ್ಲಿ ಹೇಳಲೇಬೇಕೆಂದು ಅವಳ ಆಜ್ಞೆ.

ಕಳೆದ ಭಾನುವಾರ ಅದೇ ಬೀರುವಿನ ಮುಂದೆ, ಅದೇ ನೆಲದ ಮೇಲೆ ಕುಳಿತು, ಎಂಟು ತಿಂಗಳಿಂದ ಮೇಜಿನ ಮೇಲೆಯೇ ಇದ್ದ ಗದಾಯುದ್ಧವನ್ನು ಕೆಳಗಿನ ಅಂಕಣಕ್ಕೆ ಹಿಂದಿರುಗಿಸಿದೆ. ಮಂಚದ ಕಡೆ ನೋಡಲಿಲ್ಲ. ಬಲಗೈಯನ್ನು ಮಂಡಿಯ ಮೇಲಿಟ್ಟು ಎದ್ದೆ. ಆ ಕೈಯನ್ನೂ ಬಿಡಿಸಬೇಕೆಂದು ಗಿರಣಿಯ ಮೇಲಿನವರು ಹೇಳಿದ್ದಾರೆ. ಮುಂದಿನ ವಾರದಿಂದ ಇನ್ನೂ ಎರಡೂವರೆ ಕಿಲೋ ಹೆಚ್ಚಂತೆ.